ಕ್ಯಾರಿಯ ಮಗನ ಹಾಡುಗಳು

ಅಮೆರಿಕದ ಗಾಯಕ ಸೂಫ್ಯಾನ್ ಸ್ಟೀವನ್ಸ್ ಅವರ 'ಫೋರ್ತ್ ಆಫ್ ಜುಲೈ' ಹಾಡಿನಲ್ಲಿ ತೀರಿಕೊಂಡ ತಾಯಿಯೂ ಮಗನೂ ಮಾತಾಡಿಕೊಳ್ಳುತ್ತಾರೆ. ಮಿಂಚುಹುಳು, ಗಿಡುಗ, ಪಾರಿವಾಳ ಎಂದು ಮುದ್ದಿನ ಹೆಸರಿಟ್ಟು ಕರೆದುಕೊಳ್ಳುತ್ತಾರೆ. ಹಾಡುವ ದನಿ ಒಂದೇ ಆದ್ದರಿಂದ ಯಾವುದು ಅಮ್ಮನ ಮಾತು, ಯಾವುದು ಮಗನದು ಎಂದು ಕಿವಿ ತಡಕಾಡುತ್ತದೆ. ಏಕೆ ಅಳುತ್ತೀ ಎಂದು ಕೇಳಿ ಸಂತೈಸುವವಳು ಸತ್ತವಳೇ. ಮಗ ತಾನು ಕೇಳಬಯಸಿದ ಮಾತುಗಳನ್ನು ತಾನೇ ಅವಳ ಬಾಯಿಂದ ಆಡಿಸಿಕೊಳ್ಳುತ್ತಿದ್ದಾನೆ ಎಂದು ಹೊಳೆದ ಮೇಲೆ ಈ ಹಾಡನ್ನು ಮೊದಲಿನಂತೆ ಕೇಳಲು ನನ್ನಿಂದ ಆಗಿಲ್ಲ.

ಆ ತಾಯಿ ಕ್ಯಾರಿ. ಖಿನ್ನತೆ, ಸ್ಕಿಜೋಫ್ರೀನಿಯಾ, ಕುಡಿತಗಳ ನಡುವೆ ನಲುಗಿದ ಹೆಂಗಸು. ಮಗನಿಗೆ ವರ್ಷ ತುಂಬಿದಷ್ಟರಲ್ಲೇ ಮನೆ ಬಿಟ್ಟಳು. ಮುಂದೆ ಲೋವೆಲ್ ಬ್ರಾಮ್ಸ್ ಎಂಬವರನ್ನು ಮದುವೆಯಾದಳು. ಆ ದಿನಗಳಲ್ಲಿ ಒರೆಗಾನ್ ರಾಜ್ಯದ ಯೂಜೀನ್‌ನಲ್ಲಿ ಅವರ ಜೊತೆ ಕಳೆದ ಮೂರು ಬೇಸಿಗೆಗಳಲ್ಲಿ ಮಗನಿಗೆ ಅಮ್ಮ ಒಂದಿಷ್ಟು ದಕ್ಕಿದಳು. 2012ರ ಡಿಸೆಂಬರಿನಲ್ಲಿ ಆಕೆ ಹೊಟ್ಟೆಯ ಕ್ಯಾನ್ಸರಿನಿಂದ ತೀರಿಕೊಂಡಾಗ ಸ್ಟೀವನ್ಸ್ ಅವರ ಮನಸ್ಸು ಕುಸಿಯಿತು. ಆ ಕುಸಿತದಿಂದ ಹುಟ್ಟಿದ 'ಕ್ಯಾರಿ ಅಂಡ್ ಲೋವೆಲ್' ಆಲ್ಬಮ್ 2015ರಲ್ಲಿ ಹೊರಬಂತು.

ಒಡನಾಟವೇ ಇಲ್ಲದ ಅಮ್ಮನಿಗಾಗಿ ಏನನ್ನು ನೆನೆದು ಅಳಬೇಕು? ಸ್ಟೀವನ್ಸ್ ಇದ್ದಬದ್ದ ಚೂರುಗಳನ್ನೇ ಹೆಕ್ಕುತ್ತಾರೆ. ವಿಡಿಯೊ ಅಂಗಡಿಯಲ್ಲಿ ಅಮ್ಮ ತನ್ನನ್ನು ಬಿಟ್ಟು ಹೋದದ್ದು. ಈಜು ಕಲಿಸಿದಾತನಿಗೆ ಸೂಫ್ಯಾನ್ ಎನ್ನಲು ನಾಲಿಗೆ ಹೊರಳದೆ 'ಸುಬಾರು' ಎಂದು ಕರೆದದ್ದು. ಈ ಎರಡನೆಯದರಲ್ಲಿ ಅಮ್ಮ ಇಲ್ಲವೇ ಇಲ್ಲ, ಆದರೂ ಅದು ಅವಳಿದ್ದ ಊರಿನದು. ಅಷ್ಟು ಸಾಕು ಅವರಿಗೆ. ಇಷ್ಟು ಕಡಿಮೆಯನ್ನು ಇಷ್ಟು ಜೋಪಾನವಾಗಿ ಹಿಡಿದುಕೊಂಡ ಶೋಕಗೀತೆಯನ್ನು ನಾನು ಬೇರೆ ಕೇಳಿಲ್ಲ.

ಆಲ್ಬಮ್‌ನಲ್ಲಿ ಡ್ರಮ್ಸ್ ಇಲ್ಲ. ಗಿಟಾರಿನ ತಂತಿಗಳನ್ನು ಬೆರಳು ಒಂದೊಂದಾಗಿ ಮೀಟುತ್ತದೆ, ದನಿ ಪಿಸುಮಾತನ್ನು ಮೀರುವುದೇ ಅಪರೂಪ. ಕೆಲವು ಭಾಗಗಳನ್ನು ಹೋಟೆಲ್ ಕೋಣೆಯೊಂದರಲ್ಲಿ ಐಫೋನಿನಲ್ಲೇ ರೆಕಾರ್ಡ್ ಮಾಡಿದ್ದು. ಅಲ್ಲಿನ ಗುಯ್‌ಗುಟ್ಟುವ ಸದ್ದನ್ನು ಅಳಿಸದೆ ಉಳಿಸಿದ್ದು ಒಳ್ಳೆಯದಾಯಿತು.

'ಶುಡ್ ಹ್ಯಾವ್ ನೋನ್ ಬೆಟರ್' ನನಗೆ ಎಲ್ಲಕ್ಕಿಂತ ಹತ್ತಿರದ್ದು. ಅಮ್ಮನಿಗೊಂದು ಪತ್ರ ಬರೆಯಬೇಕಿತ್ತು ಎಂಬ ಕೊರಗಿನಲ್ಲೇ ಅರ್ಧ ಹಾಡು ಸಾಗುತ್ತದೆ. ಅಲ್ಲೊಂದು ತಿರುವು. ಗಿಟಾರ್ ಹಿಂದೆ ಸರಿದು ಕೀಬೋರ್ಡಿನ ಪುಟ್ಟ ಪುಟ್ಟ ಸ್ವರಗಳು ಕುಣಿಯತೊಡಗುತ್ತವೆ. ಕೊನೆಗೆ ಅಣ್ಣನ ಮಗಳ ಮಾತು ಬರುತ್ತದೆ. ಹಳೆಯ ದುಃಖಕ್ಕೆ ಪರಿಹಾರವೇನೂ ಸಿಕ್ಕಿಲ್ಲ, ಆದರೆ ಕುಟುಂಬದಲ್ಲಿ ಒಂದು ಮಗು ಹುಟ್ಟಿದೆ. ಆ ಸುದ್ದಿಯನ್ನು ಅವರು ದನಿ ಏರಿಸದೆಯೇ ಹೇಳುತ್ತಾರೆ.

'ದಿ ಓನ್ಲಿ ಥಿಂಗ್' ಅತ್ಯಂತ ಕಠಿಣವಾದದ್ದು. ಬದುಕು ಮುಗಿಸಿಬಿಡುವ ಯೋಚನೆ ಇಲ್ಲಿ ಮುಚ್ಚುಮರೆಯಿಲ್ಲದೆ ಬರುತ್ತದೆ. ತನ್ನನ್ನು ತಡೆದು ನಿಲ್ಲಿಸಿರುವುದು ಯಾವುದು ಎಂದು ಹುಡುಕುವ ಸ್ಟೀವನ್ಸ್ ಆಕಾಶದ ಪರ್ಸಿಯಸ್ ನಕ್ಷತ್ರಪುಂಜವನ್ನೂ ಕಡಲಸಿಂಹಗಳ ಕತ್ತಲ ಗವಿಯನ್ನೂ ಹೆಸರಿಸುತ್ತಾರೆ. ಬದುಕು ಸುಂದರ ಎಂದು ಸಾರುವ ನೂರು ಹಾಡುಗಳಿಗಿಂತ ಆ ನಕ್ಷತ್ರಗಳ, ಆ ಗವಿಯ ಮೇಲೆ ನನಗೆ ಹೆಚ್ಚು ನಂಬಿಕೆ.