ಟ್ಯಾಸಿಟಸನ ‘ಫ್ರಾಮೆಯ’: ಒಂದು ವಿಮರ್ಶೆ

ಪ್ರಾಚೀನ ಜರ್ಮನರ ಆಯುಧಗಳ ಮಾತು ಬಂದಾಗಲೆಲ್ಲ, ರೋಮನ್ ಇತಿಹಾಸಕಾರ ಟ್ಯಾಸಿಟಸನು ಕ್ರಿ. ಶ. 98ರಲ್ಲಿ ಬರೆದ ‘ಜರ್ಮಾನಿಯ’ದ ಆರನೆಯ ಅಧ್ಯಾಯವನ್ನೇ ಪ್ರಮಾಣವೆಂದು ಹಿಡಿಯುವುದು ವಾಡಿಕೆ. ಕಬ್ಬಿಣ ಹೇರಳವಾಗಿಲ್ಲದ ಅವರಲ್ಲಿ ಖಡ್ಗವನ್ನಾಗಲಿ ದೊಡ್ಡ ಭರ್ಜಿಯನ್ನಾಗಲಿ ಬಳಸುವವರು ವಿರಳ. ಗಿಡ್ಡ ಅಲಗಿನ ‘ಫ್ರಾಮೆಯ’ವೆಂಬ ಈಟಿಯೇ ಇರಿಯುವುದಕ್ಕೂ ಎಸೆಯುವುದಕ್ಕೂ ಒದಗುತ್ತದೆ ಎಂಬುದು ಅವನ ಮಾತು.

ಅವನದೇ ‘ಆನಲ್ಸ್’ ಗ್ರಂಥವನ್ನು ಪಕ್ಕದಲ್ಲಿಟ್ಟು ಓದಿದಾಗ ನಮಗೆ ಸಂದೇಹವುಂಟಾಗುತ್ತದೆ. ಕ್ರಿ. ಶ. 15ರಲ್ಲಿ ರೋಮನರು ಜೌಗಿನಲ್ಲಿ ಸಿಕ್ಕಿಬಿದ್ದಾಗ ಚೆರುಸ್ಕರ ಈಟಿಗಳು ದೂರದಿಂದಲೇ ಗಾಯಗೊಳಿಸುವಷ್ಟು ದೊಡ್ಡವು. ಮರುವರ್ಷ ಸೇನಾನಿ ಜರ್ಮಾನಿಕಸನ ಭಾಷಣದಲ್ಲಿ ಅವೇ ಈಟಿಗಳು ಮರಗಳ ನಡುವೆ ತಿರುಗಿಸಲಾಗದ ಹೊರೆ. ಅವೂ ಮುಂದಿನ ಸಾಲಿಗೆ ಮಾತ್ರ, ಉಳಿದವರಿಗೆ ತುದಿ ಸುಟ್ಟ ಇಲ್ಲವೆ ಗಿಡ್ಡ ಆಯುಧಗಳು! ಸೈನಿಕರಿಗೆ ಧೈರ್ಯ ತುಂಬುವ ಭಾಷಣವನ್ನು ಆಯುಧಗಳ ಪಟ್ಟಿಯೆಂದು ಓದಲಾಗದಷ್ಟೆ.

‘ಜರ್ಮಾನಿಯ’ದಲ್ಲಿಯೇ, ಆ ಪ್ರಸಿದ್ಧ ಮಾತಿನ ಬೆನ್ನಿಗೆ, ಕಾಲಾಳುಗಳು ಒಬ್ಬೊಬ್ಬರೂ ಹಲವು ಎಸೆಯಾಯುಧಗಳನ್ನು ತೂರುತ್ತಾರೆಂದು ಹೇಳಿದೆ. ಇದನ್ನು ಗಮನಿಸದೆ ಹೋಗುವುದು ಸರಿಯಲ್ಲ. ಡೆನ್ಮಾರ್ಕಿನ ಇಲ್ಲೆರುಪ್ ಕಣಿವೆಯ ಜೌಗಿನಲ್ಲಿ ದೊರೆತ, ಸುಮಾರು ಕ್ರಿ. ಶ. 200ರ ನೂರಾರು ಅಲಗುಗಳಲ್ಲಿಯೂ ಇರಿಯುವ ಅಲಗು ಬೇರೆ, ಎಸೆಯುವ ಮುಳ್ಳಲಗು ಬೇರೆ. ಕಾಲ, ಪ್ರದೇಶಗಳೆರಡೂ ಭಿನ್ನವಾದುದರಿಂದ ಇದು ಟ್ಯಾಸಿಟಸನನ್ನು ಸುಳ್ಳಾಗಿಸದು. ‘ಫ್ರಾಮೆಯ’ವನ್ನು ಎಲ್ಲ ಜರ್ಮನರ ಏಕೈಕ ಈಟಿಯೆಂದು ಹೇಳುವುದನ್ನು ಮಾತ್ರ ನಾವು ಒಪ್ಪಲಾರೆವು.