‘ಈ ಸಲ’ ಮತ್ತು ‘ನಮ್ದೇ’: ಗಡಿನಾಡಿನಲ್ಲಿ ಕೂತು ಒಂದು ಕ್ರಿಕೆಟ್ ಘೋಷಣೆಯ ಓದು

ಹಿಂದಿನ ಇಬ್ಬರು ಗಡಿನಾಡಿನ ಕಾವ್ಯದ ಬಗ್ಗೆ ಮಾತಾಡಿದರು. ನಾನು ಎತ್ತಿಕೊಂಡಿರುವ ಪಠ್ಯದಲ್ಲಿ ಇರೋದು ನಾಲ್ಕೇ ಪದ: ‘ಈ ಸಲ ಕಪ್ ನಮ್ದೇ.’ ನಗಬೇಡಿ. ಕಾಸರಗೋಡಿನ ನಮ್ಮ ಮನೆಯಲ್ಲಿ ಕಷ್ಟದ ಮೂರು ವರ್ಷಗಳಲ್ಲಿ ಅತಿ ಹೆಚ್ಚು ಸಲ ಕೇಳಿಬಂದ ಕನ್ನಡ ವಾಕ್ಯ ಇದು. ಮನೆಮಾತು ತುಳು, ಪೇಟೆಯಲ್ಲಿ ಮಲೆಯಾಳ, ಶಾಲೆಯಲ್ಲಿ ಕನ್ನಡ. ಹಾಗಿರುವಾಗ ಇಂಥದ್ದೊಂದು ವಾಕ್ಯ ರೋಗಿಯೊಬ್ಬರ ಬಾಯಲ್ಲಿ ಹೇಗೆ ನಿಂತಿತು ಅನ್ನೋದೇ ನನ್ನ ಪ್ರಶ್ನೆ.

ಆಟದ ಅಭಿಮಾನದ ಬಗ್ಗೆ ನಮ್ಮ ವಿಮರ್ಶೆಯಲ್ಲಿ ಒಂದು ಸಿದ್ಧ ಉತ್ತರ ಉಂಟು. ಅದು ಮರೆವು, ಜನರ ಕಷ್ಟವನ್ನು ಮುಚ್ಚಿಡುವ ಗದ್ದಲ ಅಂತ. ಇದರಲ್ಲಿ ನಿಜ ಇಲ್ಲ ಅಂತ ನಾನು ಹೇಳೋದಿಲ್ಲ, ಕೊನೆಗೆ ಅದಕ್ಕೇ ಬರ್ತೇನೆ. ಆದರೆ ಮರೆಯಲಿಕ್ಕೆ ಅಂತ ಆಟ ನೋಡುವವನು ಗೆಲ್ಲುವ ತಂಡವನ್ನೇ ಆರಿಸಿಕೊಳ್ಳಬಹುದಿತ್ತಲ್ವಾ? ಬೆಂಗಳೂರಿನ ತಂಡ 2008ರಿಂದ 2024ರವರೆಗೆ ಹದಿನೇಳು ಐಪಿಎಲ್ ಆಡಿ ಒಂದೂ ಗೆಲ್ಲಲಿಲ್ಲ. 2009, 2011, 2016ರಲ್ಲಿ ಫೈನಲ್‌ಗೆ ಹೋಗಿ ಸೋತಿತು. 2017ರಲ್ಲಿ ಕೋಲ್ಕತ್ತಾದ ಎದುರು 49 ರನ್ನಿಗೆ ಆಲೌಟ್ ಆಯಿತು. ಇಂಥ ತಂಡದ ಬೆನ್ನು ಹತ್ತಿದವರಿಗೆ ಸಿಕ್ಕಿದ್ದು ಗೆಲುವಂತೂ ಅಲ್ಲ. ಹಾಗಾದರೆ ಏನು?

ಮೊದಲು ವ್ಯಾಕರಣ ನೋಡೋಣ. ಈ ವಾಕ್ಯದಲ್ಲಿ ಕ್ರಿಯಾಪದ ಇಲ್ಲ. ‘ಗೆಲ್ಲುತ್ತೇವೆ’ ಅಂದಿದ್ದರೆ ಅದು ಭವಿಷ್ಯದ ಮಾತು, ಸೋತ ದಿನ ಸುಳ್ಳಾಗ್ತದೆ. ‘ಕಪ್ ನಮ್ದೇ’ ಅಂದಾಗ ಕಾಲವೇ ಇಲ್ಲ. ಕಾಲ ಇರೋದು ‘ಈ ಸಲ’ ಅನ್ನುವಲ್ಲಿ ಮಾತ್ರ, ಅದೂ ಪ್ರತಿ ವರ್ಷ ಹೊಸದಾಗುವ ಕಾಲ. ಇದೇ ವಾಕ್ಯವನ್ನು 2018ರಲ್ಲೂ ಹೇಳಬಹುದು, 2022ರಲ್ಲೂ ಹೇಳಬಹುದು. ಹಳೆಯ ಸುಳ್ಳಿನ ಲೆಕ್ಕ ಅದಕ್ಕೆ ತಟ್ಟೋದಿಲ್ಲ. ಊರಿನಲ್ಲಿ ಇದು ತಮಾಷೆಯ ಮಾತೂ ಹೌದು. ಹೇಳುವವನಿಗೇ ಪೂರ್ತಿ ನಂಬಿಕೆ ಇಲ್ಲ, ಆದರೂ ಹೇಳ್ತಾನೆ. ನಂಬಿಕೆ ಮತ್ತು ಗೇಲಿ ಒಂದೇ ವಾಕ್ಯದಲ್ಲಿ ಒಟ್ಟಿಗೆ ಕೂತಿರೋದರಿಂದಲೇ ಅದು ಇಷ್ಟು ಸೋಲನ್ನು ತಾಳಿಕೊಂಡಿತು ಅಂತ ನನ್ನ ಓದು.

ಈಗ ನಮ್ಮ ಮನೆಯ ವಿಷಯ. ನನ್ನ ಸೋದರಮಾವನಿಗೆ ಕಿಡ್ನಿಯ ತೊಂದರೆ ಇತ್ತು. ವಾರಕ್ಕೆ ಮೂರು ಸಲ ಡಯಾಲಿಸಿಸ್, ಅದಕ್ಕೆ ಮಂಗಳೂರಿಗೇ ಹೋಗಬೇಕು. 2020ರ ಮಾರ್ಚ್‌ನಲ್ಲಿ ತಲಪಾಡಿ ಗಡಿ ಮುಚ್ಚಿತು. ರಸ್ತೆಗಳಿಗೆ ಮಣ್ಣು ಸುರಿದದ್ದು, ಆಂಬುಲೆನ್ಸ್‌ಗಳು ಹಿಂದೆ ಬಂದದ್ದು, ಚಿಕಿತ್ಸೆ ಸಿಗದೆ ಜನ ತೀರಿಕೊಂಡದ್ದು, ವಿಷಯ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋದದ್ದು ಎಲ್ಲ ನಿಮಗೆ ಗೊತ್ತಿರುವ ಸಂಗತಿ. ಮಾವನಿಗೆ ಹೇಗೋ ಈಚೆ ಬದಿಯಲ್ಲೇ ಒಂದು ಕಡೆ ಜಾಗ ಸಿಕ್ಕಿತು. ಅಲ್ಲಿಯವರೆಗಿನ ಒಂಬತ್ತು ದಿನ ನಾವು ಕಾದೆವು. ಯಾರಿಗೆ ಫೋನ್ ಮಾಡಿದರೂ ಉತ್ತರ ಒಂದೇ, ‘ನೋಡುವ.’ ಅದೇ ಮಾರ್ಚ್ 29ಕ್ಕೆ ಶುರುವಾಗಬೇಕಿದ್ದ ಐಪಿಎಲ್ ಕೂಡ ಮುಂದೆ ಹೋಗಿತ್ತು. ಮಾವ ಟೀವಿಯಲ್ಲಿ ಹಳೆಯ ಮ್ಯಾಚ್‌ಗಳ ಮರುಪ್ರಸಾರ ನೋಡ್ತಿದ್ದರು, ಎರಡೇ ದಿನದಲ್ಲಿ ಬಿಟ್ಟರು. ‘ಮುಗಿದದ್ದನ್ನು ನೋಡಿ ಎಂತ ಮಾಡ್ಲಿಕ್ಕೆ?’ ಅಂದರು.

ಸೆಪ್ಟೆಂಬರ್ 19ಕ್ಕೆ ಯುಎಇಯಲ್ಲಿ ಖಾಲಿ ಸ್ಟೇಡಿಯಂಗಳಲ್ಲಿ ಆಟ ಶುರುವಾಗ್ತದೆ ಅಂತ ಸುದ್ದಿ ಬಂದದ್ದೇ ತಡ, ಮಾವ ಗೋಡೆಯ ಕ್ಯಾಲೆಂಡರ್ ಕೆಳಗಿಳಿಸಿದರು. ಡಯಾಲಿಸಿಸ್ ದಿನಗಳಿಗೆ ಕೆಂಪು ಸುತ್ತು, ಬೆಂಗಳೂರಿನ ಮ್ಯಾಚ್ ಇರುವ ದಿನಗಳಿಗೆ ನೀಲಿ ಸುತ್ತು. ಕೆಲವು ದಿನಗಳಿಗೆ ಎರಡೂ. ದುಬೈ, ಶಾರ್ಜಾ, ಅಬುಧಾಬಿ ಅಂದರೆ ನಮ್ಮ ಊರಿಗೆ ಪರದೇಶ ಅಲ್ಲ, ಮನೆಗೊಬ್ಬರು ಅಲ್ಲಿ ದುಡಿದವರು. ಮಾವನೂ ಹದಿನಾಲ್ಕು ವರ್ಷ ಶಾರ್ಜಾದಲ್ಲಿ ಇದ್ದವರು. ಟೀವಿಯಲ್ಲಿ ಖಾಲಿ ಗ್ಯಾಲರಿ ತೋರಿಸಿದಾಗ ‘ಆ ಬದಿಯ ಗೇಟಿನ ಹತ್ತಿರ ನಾನು ಬಸ್ಸು ಹಿಡಿಯುತ್ತಿದ್ದದ್ದು’ ಅಂತಿದ್ದರು. ಆ ವರ್ಷ ನವೆಂಬರ್ 6ಕ್ಕೆ ಹೈದರಾಬಾದಿನ ಎದುರು ಸೋತು ತಂಡ ಹೊರಬಿತ್ತು. ಮಾವ ಬೈದರು, ಮರುದಿನ ಡಯಾಲಿಸಿಸ್‌ಗೆ ಹೋದರು.

ನನ್ನ ಮುಖ್ಯ ಮಾತು ಇಲ್ಲಿ ಉಂಟು. ಕಷ್ಟದಲ್ಲಿ ಮನುಷ್ಯನನ್ನು ಹಣ್ಣು ಮಾಡೋದು ಕಾಯುವುದಲ್ಲ, ದಿನಾಂಕ ಇಲ್ಲದೆ ಕಾಯುವುದು. ಅಭಿಮಾನ ಕೊಡೋದು ದಿನಾಂಕ ಇರುವ ಕಾಯುವಿಕೆಯನ್ನು. ಇಂಥ ದಿನ, ಇಷ್ಟು ಗಂಟೆಗೆ ಶುರು, ರಾತ್ರಿಯೊಳಗೆ ಫಲಿತಾಂಶ. ಸೋತರೂ ಅದೊಂದು ಉತ್ತರ.

ಗಡಿನಾಡಿನವರಾಗಿ ನಾವು ಇದನ್ನು ಬೇಗ ಅರ್ಥ ಮಾಡಿಕೊಳ್ಳಬೇಕು. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಹೋಯಿತು. ಚಂದ್ರಗಿರಿ ನದಿಯ ಉತ್ತರದ ಭಾಗ ಆಗಿನ ಮೈಸೂರು ರಾಜ್ಯಕ್ಕೆ ಸೇರಬೇಕು ಅಂತ 1967ರಲ್ಲಿ ಮಹಾಜನ ಆಯೋಗ ಹೇಳಿತು. ವರದಿ ಕಪಾಟಿನಲ್ಲಿ ಉಳಿಯಿತು. ಕಯ್ಯಾರ ಕಿಞ್ಞಣ್ಣ ರೈಯವರು ನೂರು ವರ್ಷ ಬದುಕಿ 2015ರಲ್ಲಿ ತೀರಿಕೊಂಡರು, ಅವರ ಬದುಕಿನ ಕೊನೆಯವರೆಗೂ ಆ ಕಾಯುವಿಕೆ ಮುಗಿಯಲಿಲ್ಲ. ನಮ್ಮ ಅಜ್ಜನ ತಲೆಮಾರಿಗೂ ಒಂದು ‘ಈ ಸಲ’ ಇತ್ತು, ಪ್ರತಿ ಚುನಾವಣೆಗೂ ಅದು ಬರುತ್ತಿತ್ತು. ವ್ಯತ್ಯಾಸ ಏನು ಅಂದರೆ, ಅದಕ್ಕೆ ಫಲಿತಾಂಶದ ರಾತ್ರಿ ಇರಲಿಲ್ಲ. ಸೋತಿರಿ ಅಂತ ಯಾರೂ ಹೇಳಲಿಲ್ಲ, ಗೆದ್ದಿರಿ ಅಂತಲೂ ಹೇಳಲಿಲ್ಲ. ಆ ದಣಿವು ನಮ್ಮ ಕಡೆಯ ಹಿರಿಯರ ಮಾತಿನಲ್ಲಿ ಈಗಲೂ ಉಂಟು. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ ಅಂತ ನೀವು ಹೇಳಬಹುದು. ನಾನು ತೂಗೋದು ಬೇಡಿಕೆಗಳನ್ನಲ್ಲ, ಕಾಯುವ ಎರಡು ರೀತಿಗಳನ್ನು.

ಇನ್ನು ‘ನಮ್ದೇ’. 1976ರಲ್ಲಿ ಅಮೆರಿಕದ ಮನೋವಿಜ್ಞಾನಿ ರಾಬರ್ಟ್ ಚಾಲ್ಡೀನಿ ಮತ್ತು ಸಂಗಡಿಗರು ಒಂದು ಅಧ್ಯಯನ ಪ್ರಕಟಿಸಿದರು. ತಮ್ಮ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡ ಗೆದ್ದಾಗ ವಿದ್ಯಾರ್ಥಿಗಳು ‘ನಾವು’ ಅಂತ ಹೆಚ್ಚು ಹೇಳ್ತಾರೆ, ಸೋತಾಗ ‘ಅವರು’ ಅನ್ನುವ ಕಡೆಗೆ ಜಾರ್ತಾರೆ ಅನ್ನೋದು ಅವರು ಕಂಡದ್ದು. ಗೆದ್ದವರ ಬೆಳಕಿನಲ್ಲಿ ಮೈ ಕಾಯಿಸಿಕೊಳ್ಳುವ ಗುಣ ಅದು. ನಮ್ಮ ಘೋಷಣೆ ಇದಕ್ಕೆ ತಿರುಗಿ ನಿಲ್ತದೆ. ‘ನಮ್ದೇ’ ಅಂತ ಹದಿನೇಳು ವರ್ಷದ ಸೋಲಿನ ನಡುವೆ ಹೇಳಿದ್ದು. ಗೆದ್ದಾಗ ಮಾತ್ರ ಅಂಟಿಕೊಳ್ಳುವ ‘ನಾವು’ ಇದಲ್ಲ.

ಆದರೆ ಯಾವ ‘ನಾವು’? ಇಂದಿನ ಕನ್ನಡದ ‘ನಾವು’ ಎದುರಿಗಿರುವವರನ್ನು ಸೇರಿಸಿಕೊಂಡಿದೆಯಾ, ಹೊರಗಿಟ್ಟಿದೆಯಾ ಅಂತ ಪದದಿಂದ ಗೊತ್ತಾಗೋದಿಲ್ಲ. ತುಳುವಿನಲ್ಲಿ ಗೊತ್ತಾಗ್ತದೆ: ನೀವೂ ಸೇರಿದ ನಾವು ‘ನಮ’, ನಿಮ್ಮನ್ನು ಬಿಟ್ಟ ನಾವು ‘ಎಂಕುಲು’. ಮಲೆಯಾಳದಲ್ಲೂ ಹಾಗೆಯೇ, ‘ನಮ್ಮಳ್’ ಬೇರೆ, ‘ಞಙ್ಙಳ್’ ಬೇರೆ. ಮೂರೂ ಭಾಷೆ ಆಡುವ ನಮ್ಮಂಥವರ ಕಿವಿಗೆ ‘ನಮ್ದೇ’ ಒಂದು ಪ್ರಶ್ನೆಯಾಗಿಯೇ ಕೇಳಿಸ್ತದೆ. ಬೆಂಗಳೂರಿನವರು ‘ನಮ್ದೇ’ ಅಂದಾಗ ನಾವು ಅದರೊಳಗೆ ಇದ್ದೇವಾ? ಅದರಲ್ಲೂ ಕೊನೆಯ ಆ ಅವಧಾರಣೆಯ ‘ಏ’, ಅಂದರೆ ‘ಬೇರೆ ಯಾರದ್ದೂ ಅಲ್ಲ’ ಅನ್ನುವ ಒತ್ತು.

ಇದಕ್ಕೆ ನನಗೆ ಉತ್ತರ ಸಿಕ್ಕಿದ್ದು ಡಯಾಲಿಸಿಸ್ ವಾರ್ಡಿನಲ್ಲಿ. ಮಾವನ ಪಕ್ಕದ ಹಾಸಿಗೆಯಲ್ಲಿ ಒಬ್ಬರು ಇಚ್ಚ ಇದ್ದರು. ಹಿರಿಯ ಮಾಪಿಳ್ಳರನ್ನು ನಮ್ಮ ಕಡೆ ಹಾಗೆ ಕರೆಯೋದು. ಅವರು ಸಂಜು ಸ್ಯಾಮ್ಸನ್ ಇದ್ದಾನೆ ಅಂತ ರಾಜಸ್ಥಾನದ ಪಕ್ಷ. ಮಾವನ ತಂಡ ಸೋತ ಮರುದಿನ ‘ನಿಮ್ಮ ಟೀಂ’ ಅಂತ ಕೆಣಕದೆ ಬಿಡುತ್ತಿರಲಿಲ್ಲ. 2021ರ ಜನವರಿ 13ಕ್ಕೆ ವಾಂಖೆಡೆಯಲ್ಲಿ ಕಾಸರಗೋಡು ತಳಂಗರೆಯ ಮೊಹಮ್ಮದ್ ಅಜರುದ್ದೀನ್ ಮುಂಬೈ ಎದುರು 54 ಎಸೆತಕ್ಕೆ ಔಟಾಗದೆ 137 ಹೊಡೆದ. ಮುಂದಿನ ತಿಂಗಳ ಹರಾಜಿನಲ್ಲಿ ಅವನನ್ನು 20 ಲಕ್ಷಕ್ಕೆ ತೆಗೆದುಕೊಂಡದ್ದು ಬೆಂಗಳೂರು. ಆ ವಾರ ಇಚ್ಚ ವಾರ್ಡಿಗೆ ಬಂದವರೇ ‘ನಮ್ಮಳೆ ಚೆಕ್ಕನ್’ ಅಂದರು. ನಮ್ಮ ಹುಡುಗ ಅಂತ. ‘ಞಙ್ಙಳೆ’ ಅನ್ನಲಿಲ್ಲ, ನಮ್ಮಳೆ ಅಂದರು, ಮಾವನನ್ನೂ ಸೇರಿಸಿಕೊಂಡು. ಮಾವ ಅಜರುದ್ದೀನನನ್ನು ಭಾಷೆಯ ಲೆಕ್ಕದಲ್ಲಿ ನಮ್ಮವ ಅನ್ನುವ ಹಾಗಿರಲಿಲ್ಲ. ಇಚ್ಚ ಬೆಂಗಳೂರನ್ನು ರಾಜ್ಯದ ಲೆಕ್ಕದಲ್ಲಿ ನಮ್ಮದು ಅನ್ನುವ ಹಾಗಿರಲಿಲ್ಲ. ಭಾಷೆ, ರಾಜ್ಯ ಎರಡೂ ಕೊಡದ ಒಂದು ‘ನಮ’ವನ್ನು ಆ ಹುಡುಗ ಕೊಟ್ಟ. ಐಪಿಎಲ್‌ನಲ್ಲಿ ಅವನನ್ನು ಒಂದು ಮ್ಯಾಚಿಗೂ ಇಳಿಸಲಿಲ್ಲ ಅನ್ನೋದು ಬೇರೆ ಮಾತು. ಬೆಂಚಿನಲ್ಲಿ ಕೂತಿದ್ದಾನೆ ಅಂತಲೇ ಇಬ್ಬರೂ ಮ್ಯಾಚ್ ನೋಡಿದರು. ಅದೇ ಹುಡುಗ 2025ರ ಫೆಬ್ರವರಿಯಲ್ಲಿ ಗುಜರಾತಿನ ಎದುರು ಔಟಾಗದೆ 177 ಮಾಡಿ, ಎರಡೇ ಎರಡು ರನ್ ಮುನ್ನಡೆಯಲ್ಲಿ ಕೇರಳವನ್ನು ಮೊದಲ ಸಲ ರಣಜಿ ಫೈನಲ್‌ಗೆ ಒಯ್ದ. ಅದನ್ನು ನೋಡ್ಲಿಕ್ಕೆ ಮಾವ ಇರಲಿಲ್ಲ. 2023ರ ಮಳೆಗಾಲದಲ್ಲಿ ತೀರಿಕೊಂಡಿದ್ದರು.

‘ಏ’ದ ಬಗ್ಗೆ ಇನ್ನೊಂದು ಮಾತು. ಆ ತಂಡದ ಹೆಸರಿಗೆ ಮೊದಲ ಕಪ್ ತಂದದ್ದು ಹೆಂಗಸರು, 2024ರ ಮಾರ್ಚ್ 17ಕ್ಕೆ. ನಾಯಕಿ ಸ್ಮೃತಿ ಮಂಧಾನ ಬೆಳೆದದ್ದು ಸಾಂಗಲಿಯಲ್ಲಿ. ನಮ್ಮ ಈ ಗೋಷ್ಠಿಯಲ್ಲಿ ಮತ್ತೆ ಮತ್ತೆ ಬಂದ ಜತ್ತ ತಾಲೂಕು ಇರೋದು ಅದೇ ಜಿಲ್ಲೆಯಲ್ಲಿ. ಗೆದ್ದ ರಾತ್ರಿ ಅವರು ಘೋಷಣೆಯನ್ನು ತಿದ್ದಿದರು: ‘ನಮ್ದೇ’ ಹೋಗಿ ‘ನಮ್ದು’ ಆಯಿತು. ಕನ್ನಡ ಮನೆಮಾತಲ್ಲದವರು ಮಾಡಿದ ಈ ತಿದ್ದುಪಡಿ ಎಷ್ಟು ಸರಿಯಾಗಿದೆ ನೋಡಿ. ಕೈಗೆ ಸಿಕ್ಕ ಮೇಲೆ ಒತ್ತು ಬೇಕಾಗಿಲ್ಲ. ‘ಏ’ ಅನ್ನೋದು ಇಲ್ಲದವರ ಹಠ.

ಕೊನೆಗೆ, ಈ ಓದು ತಪ್ಪಿಹೋಗಬಹುದಾದ ಎರಡು ಜಾಗಗಳು. ಒಂದು, ಅತ್ತೆ. ಮಾವ ಒಳಗೆ ನಾಲ್ಕು ಗಂಟೆ ಮಲಗಿ ಮೊಬೈಲಿನಲ್ಲಿ ಸ್ಕೋರ್ ನೋಡುವಾಗ ಅತ್ತೆ ಹೊರಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿರುತ್ತಿದ್ದರು. ಅವರಿಗೆ ಕ್ರಿಕೆಟ್ ಇಲ್ಲ, ನೀಲಿ ಸುತ್ತು ಇಲ್ಲ, ಇದ್ದದ್ದು ಕೆಂಪು ಮಾತ್ರ. ಅಭಿಮಾನ ಕಷ್ಟವನ್ನು ಹಗುರ ಮಾಡ್ತದೆ ಅಂತ ನಾನು ಹೇಳಿದ್ದು ಮಾವನ ಪಾಲಿನ ಕಷ್ಟದ ಬಗ್ಗೆ. ಅದರ ಉಳಿದ ಭಾರ ಯಾರ ಮೇಲೆ ಇತ್ತು ಅನ್ನೋದನ್ನು ವಿಮರ್ಶೆ ಕೇಳಬೇಕು, ನಾನು ಆಗ ಕೇಳಿರಲಿಲ್ಲ.

ಎರಡನೆಯದು ಗೆಲುವು. 2025ರ ಜೂನ್ 3ಕ್ಕೆ ಅಹಮದಾಬಾದಿನಲ್ಲಿ ಪಂಜಾಬನ್ನು 6 ರನ್ನಿನಿಂದ ಸೋಲಿಸಿ ಬೆಂಗಳೂರು ಗೆದ್ದಿತು. ಮರುದಿನ ಚಿನ್ನಸ್ವಾಮಿ ಸ್ಟೇಡಿಯಂನ ಹೊರಗೆ ಕಾಲ್ತುಳಿತದಲ್ಲಿ 11 ಮಂದಿ ಸತ್ತರು. ಹದಿನೇಳು ವರ್ಷ ಸೋಲಿನಲ್ಲಿ ಜನರನ್ನು ಹಿಡಿದುಕೊಂಡ ‘ನಾವು’ ಗೆಲುವಿನ ಒಂದು ಸಂಜೆ ತನ್ನವರನ್ನೇ ಉಳಿಸಿಕೊಳ್ಳಲಿಲ್ಲ. ಅಲ್ಲಿಗೆ ಬಂದವರು ‘ನಮ್ದು’ ಅಂತ ನಂಬಿ ಬಂದವರು. ಆ ‘ನಮ್ದು’ವಿನ ಲಾಭಕ್ಕೆ ಒಡೆಯರಿದ್ದರು, ಮೆರವಣಿಗೆಗೆ ಅತಿಥಿಗಳಿದ್ದರು, ಜೀವಕ್ಕೆ ಜವಾಬುದಾರಿ ಮಾತ್ರ ಒಬ್ಬರಿಂದ ಒಬ್ಬರಿಗೆ ದಾಟುತ್ತಾ ಹೋಯಿತು. ಮೊದಲು ಹೇಳಿದ ‘ಮರೆವು’ ಅನ್ನುವ ಆಕ್ಷೇಪ ನನಗೆ ಇಲ್ಲಿ ನಿಜ ಅನ್ನಿಸ್ತದೆ, ಆದರೆ ಅದನ್ನು ಹೊರಿಸಬೇಕಾದ್ದು ಅಭಿಮಾನಿಗಳ ಮೇಲಲ್ಲ.

ಜೂನ್ 3ರ ರಾತ್ರಿ ಹನ್ನೆರಡಕ್ಕೆ ಅತ್ತೆ ಫೋನ್ ಮಾಡಿದ್ದರು. ‘ಮಾವನ ಕಪ್ ಬಂತಂತೆ, ಹೌದಾ?’ ಅಂತ ಕೇಳಿದರು. ಹೌದು ಅಂದೆ. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. 4ರ ಸಂಜೆ ಮತ್ತೆ ಫೋನ್ ಬಂತು: ‘ನೀನು ಬೆಂಗಳೂರಿಗೆ ಗಿಂಗಳೂರಿಗೆ ಹೋಗಿಲ್ಲ ಅಲ್ವಾ?’ ಒಂದೇ ದಿನದ ಅಂತರದ ಈ ಎರಡು ಪ್ರಶ್ನೆಗಳನ್ನು ಒಟ್ಟಿಗೆ ಇಟ್ಟು ಓದಿದರೆ ಮಾತ್ರ ಆ ನಾಲ್ಕು ಪದಗಳ ಓದು ಪೂರ್ತಿ ಆಗ್ತದೆ ಅಂತ ನನಗೆ ಕಾಣ್ತದೆ. ಇಷ್ಟು ನನ್ನ ಮಾತು. ಅತ್ತೆಯಂಥವರ ಕಾಯುವಿಕೆಗೆ ನಮ್ಮ ಗಡಿನಾಡಿನ ಬರವಣಿಗೆಯಲ್ಲಿ ಯಾವ ಭಾಷೆ ಉಂಟು ಅಂತ ನಿಮ್ಮಲ್ಲಿ ಯಾರಿಗಾದರೂ ಗೊತ್ತಿದ್ದರೆ ಈಗ ಹೇಳಬೇಕು. ನನ್ನ ಮುಂದಿನ ಓದು ಅಲ್ಲಿಂದ ಶುರುವಾಗಬೇಕು.