ವೈಜ್ಞಾನಿಕ ಕಥನವಾಗಿ ‘ಕರ್ವಾಲೊ’: ತೇಜಸ್ವಿಯವರ ಕಾಲದೃಷ್ಟಿ ಮತ್ತು ಅದರ ಉತ್ತರಾಧಿಕಾರ

ಕನ್ನಡದ ವೈಜ್ಞಾನಿಕ ಕಥಾಸಾಹಿತ್ಯವನ್ನು ಚರ್ಚಿಸುವಾಗ, ಆ ಪ್ರಕಾರವನ್ನೇ ಮುಖ್ಯವಾಗಿ ಆರಿಸಿಕೊಂಡ ರಾಜಶೇಖರ ಭೂಸನೂರಮಠ ಅವರಂಥವರ ಹೆಸರು ಮೊದಲು ಬರುವುದು ಸಹಜ. ಕೆ.ಪಿ. ಪೂರ್ಣಚಂದ್ರ ತೇಜಸ್ವಿ (1938–2007) ಅವರಾದರೋ ಸಾಮಾನ್ಯವಾಗಿ ಪರಿಸರದ ಲೇಖಕರೆಂದೇ ಪರಿಗಣಿತರು. ಆದರೆ ಅವರ ‘ಕರ್ವಾಲೊ’ (1980) ಕಾದಂಬರಿಯನ್ನು ವೈಜ್ಞಾನಿಕ ಕಥನವಾಗಿ ಓದಿದಾಗ, ಈ ಪ್ರಕಾರವು ಕನ್ನಡದ ನೆಲದಲ್ಲಿ ಪಡೆದುಕೊಂಡ ವಿಶಿಷ್ಟ ರೂಪವೊಂದು ಗೋಚರಿಸುತ್ತದೆ.

ಕುವೆಂಪು ಅವರ ಪುತ್ರರಾದ ತೇಜಸ್ವಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಓದಿದವರು. ಅಧ್ಯಾಪನದ ದಾರಿಯನ್ನು ಹಿಡಿಯದೆ ಮೂಡಿಗೆರೆಯ ಸೀಮೆಯಲ್ಲಿ ಕಾಫಿ ಕೃಷಿಕರಾದರು. ‘ಅಬಚೂರಿನ ಪೋಸ್ಟಾಫೀಸು’ (1973) ಸಂಕಲನದ ಮುನ್ನುಡಿಯಲ್ಲಿ ನವ್ಯಮಾರ್ಗದಿಂದ ದೂರ ಸರಿಯುವ ನಿಲುವನ್ನು ಸ್ಪಷ್ಟಪಡಿಸಿದರು. ವಿಜ್ಞಾನ ಅವರಿಗೆ ಗ್ರಂಥಗಳಿಂದಷ್ಟೇ ದೊರೆತ ವಿಷಯವಾಗಿರಲಿಲ್ಲ. ತೋಟ, ಕೆರೆ, ಕ್ಯಾಮೆರಾಗಳ ನಡುವಿನ ನಿತ್ಯದ ಗಮನಿಕೆಯಾಗಿತ್ತು.

‘ಕರ್ವಾಲೊ’ದ ವಸ್ತು, ಕೋಟ್ಯಂತರ ವರ್ಷಗಳ ಹಿಂದಿನದೆನ್ನಲಾದ ಹಾರುವ ಓತಿಯ ಹುಡುಕಾಟ. ಆರ್ಥರ್ ಕಾನನ್ ಡಾಯ್ಲ್‌ನ ‘ದಿ ಲಾಸ್ಟ್ ವರ್ಲ್ಡ್’ (1912) ಇದಕ್ಕೆ ಸಮೀಪದ ಪೂರ್ವಜ ಎನ್ನಬಹುದು. ಅಲ್ಲಿಯೂ ಒಬ್ಬ ಪ್ರಾಧ್ಯಾಪಕನಿದ್ದಾನೆ, ಒಂದು ತಂಡವಿದೆ, ಅಳಿದುಹೋಯಿತೆಂದು ತಿಳಿದಿದ್ದ ಜೀವಿಯಿದೆ. ಆದರೆ ಡಾಯ್ಲ್‌ನ ಸಾಹಸಿಗರು ದೂರದ ಖಂಡದಿಂದ ಆ ಜೀವಿಯನ್ನು ಲಂಡನ್ನಿನ ಸಭೆಗೆ ಸಾಕ್ಷ್ಯವಾಗಿ ತರುತ್ತಾರೆ. ಅದು ತಪ್ಪಿಸಿಕೊಳ್ಳುವುದು ಅನಂತರ. ತೇಜಸ್ವಿಯವರಲ್ಲಿ ಓತಿ ಯಾರ ಕೈಗೂ ಸಿಗದೆ ಪ್ರಪಾತದತ್ತ ತೇಲಿಹೋಗುತ್ತದೆ. ಅದನ್ನು ಮೊದಲು ಕಂಡವನೂ ವಿಜ್ಞಾನಿಯಲ್ಲ, ಊರವರ ಕಣ್ಣಿಗೆ ನಿಷ್ಪ್ರಯೋಜಕನಾದ ಮಂದಣ್ಣ. ಜ್ಞಾನದ ಒಡೆತನ ಯಾರದು ಎಂಬ ಪ್ರಶ್ನೆಯನ್ನು ಕಾದಂಬರಿ ಹೀಗೆ ಕಥೆಯ ರಚನೆಯಲ್ಲಿಯೇ ಇರಿಸಿದೆ.

ಇಲ್ಲಿ ಒಂದು ಆಕ್ಷೇಪ ಸಾಧ್ಯ. ಹಾರುವ ಓತಿ ಪಶ್ಚಿಮಘಟ್ಟದ ಅಡಿಕೆ ತೋಟಗಳಲ್ಲಿ ಇಂದಿಗೂ ಕಾಣಸಿಗುವ ಪ್ರಾಣಿ; ‘ಡ್ರಾಕೊ ದುಸ್ಸುಮಿಯೆರಿ’ ಎಂಬ ಹೆಸರಿನಲ್ಲಿ 1837ರಲ್ಲಿಯೇ ಪ್ರಾಣಿಶಾಸ್ತ್ರದ ದಾಖಲೆ ಸೇರಿದೆ. ಹಾಗಾದರೆ ಕಲ್ಪನೆ ಎಲ್ಲಿದೆ? ಕಲ್ಪನೆಯಿರುವುದು ಪ್ರಾಣಿಯಲ್ಲಲ್ಲ, ಅದಕ್ಕೆ ಆರೋಪಿಸಿದ ಕಾಲದಲ್ಲಿ. ಎಚ್.ಜಿ. ವೆಲ್ಸ್‌ಗೆ 1895ರಲ್ಲಿ ಕಾಲವನ್ನು ದಾಟಲು ಯಂತ್ರವೊಂದು ಬೇಕಾಯಿತು. ತೇಜಸ್ವಿಯವರಿಗೆ ಮರದ ತೊಗಟೆಗೆ ಅಂಟಿಕೊಂಡ ಸಣ್ಣ ಜೀವಿಯೇ ಸಾಕಾಯಿತು. ವೈಜ್ಞಾನಿಕ ಕಥನವೆಂದರೆ ಭವಿಷ್ಯದ ಮುನ್ಸೂಚನೆ ಎಂಬ ರೂಢಿಯ ತಿಳಿವಳಿಕೆಯನ್ನು ಈ ಕೃತಿ ತಿದ್ದುತ್ತದೆ.

ಕೃತಿಯ ಮಿತಿಗಳನ್ನೂ ಗುರುತಿಸಬೇಕು. ಕೊನೆಯ ಭಾಗದಲ್ಲಿ ಕರ್ವಾಲೊ ವಿಜ್ಞಾನಿಗಿಂತ ಗುರುವಿನ ನೆಲೆಗೆ ಸರಿಯುತ್ತಾರೆ. ಪರೀಕ್ಷೆಗೊಳಗಾಗಬೇಕಾದ ಊಹೆ ವಿಸ್ಮಯದಲ್ಲಿ ಕರಗುತ್ತದೆ. ಶೋಧದ ತಂಡದಲ್ಲಿ ಹೆಣ್ಣಿಗೆ ಎಡೆಯಿಲ್ಲ. ವಿಸ್ಮಯವೇ ಉತ್ತರವಾಗಿಬಿಡುವ ಈ ಅಪಾಯವನ್ನು ತೇಜಸ್ವಿಯವರ ಅನುಯಾಯಿಗಳು ಗಮನಿಸದಿದ್ದರೆ, ಉಳಿಯುವುದು ಕಾಡಿನ ಆರಾಧನೆಯೇ ಹೊರತು ವಿಚಾರವಲ್ಲ.

ಅವರ ನಿಜವಾದ ಉತ್ತರಾಧಿಕಾರ ಮಲೆನಾಡಿನ ವರ್ಣನೆಯಲ್ಲಿಲ್ಲ. ಕಣ್ಣೆದುರಿನ ಸಾಮಾನ್ಯ ವಸ್ತುವನ್ನು ಅಪಾರ ಕಾಲದ ಹಿನ್ನೆಲೆಯಲ್ಲಿ ನೋಡುವ ಕ್ರಮದಲ್ಲಿದೆ. ಈ ಕ್ರಮ ಬಯಲುಸೀಮೆಗೂ ಸಲ್ಲುತ್ತದೆ. ರಾಯಚೂರು ಸೀಮೆಯ ಗ್ರಾನೈಟ್ ಶಿಲೆಗಳ ವಯಸ್ಸು ಸುಮಾರು 250 ಕೋಟಿ ವರ್ಷ. ಯಾವ ಓತಿಯ ಕುಲಕ್ಕಿಂತಲೂ ಅವು ಎಷ್ಟೋ ಪಾಲು ಹಳೆಯವು. ಚಂದ್ರಬಂಡದಂಥ ಊರಿನ ರೈತನೂ ಹಟ್ಟಿಯ ಗಣಿಕಾರ್ಮಿಕನೂ ದಿನನಿತ್ಯ ಒಡನಾಡುವ ಈ ಕಲ್ಲಿನ ಲೋಕವನ್ನು ಕಥೆಯಾಗಿಸಬಲ್ಲ ಲೇಖಕ, ಕಾಡಿನ ಒಂದು ಮಾತನ್ನೂ ಎರವಲು ಪಡೆಯದೆ ತೇಜಸ್ವಿಯವರ ದಾರಿಯನ್ನು ಮುಂದುವರಿಸಿದಂತಾಗುತ್ತದೆ.